ಸುಬ್ಬಿ ಕುಡಿದ ಗ್ಲಾಸು

ಸುಬ್ಬಿಯ ಬಗ್ಗೆ ಶಿರಸಿಯ ಹಳಬರನ್ನು ಯಾರನ್ನಾದರೂ ಕೇಳಿ ನೋಡಿ. ‘ಯಾರು, ಆ ವಿಷ ಹಾಕಿದವಳಾ?’ ಅನ್ನುತ್ತಾರೆ. ಬೇರೆ ಏನು ಕೇಳಿದರೂ ತಲೆ ಕೆರೆದುಕೊಳ್ಳುವ ಜನ ಇದೊಂದನ್ನು ಮಾತ್ರ ತಟ್ಟನೆ ಹೇಳುತ್ತಾರೆ. ನನ್ನ ಹೊಲಿಗೆ ಅಂಗಡಿ ಅವಳ ಮನೆಗೆ ತಾಗಿಕೊಂಡೇ ಇತ್ತು, ನಡುವೆ ಒಂದು ಬಿದಿರು ತಟ್ಟಿ ಅಷ್ಟೆ. ಅವಳು ಮದುವೆಯಾಗಿ ಬಂದ ದಿನದಿಂದ ಕಂಡವನು ನಾನು. ಅವಳು ವಿಷ ಹಾಕಿದ್ದು ನಿಜ. ಹಾಕುವ ಮೊದಲು ತಾನೇ ಕುಡಿದದ್ದೂ ನಿಜ. ಎರಡನೆಯ ಮಾತನ್ನು ಊರು ಇವತ್ತಿಗೂ ಒಪ್ಪುವುದಿಲ್ಲ. ಊರಿನ ಮೇಲೆ ನನಗಿರುವ ಸಿಟ್ಟು ಇಳಿಯದೇ ಇರುವುದು ಇದಕ್ಕೇ.

ಐವತ್ತಾರರಲ್ಲಿ ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂತು. ಕಚೇರಿಯ ಬೋರ್ಡು ಬದಲಾಯಿತು, ಸಾಹೇಬರು ಬದಲಾದರು, ದಾರೂಬಂದಿ ಮಾತ್ರ ಬದಲಾಗಲಿಲ್ಲ. ಕುಡಿಯುವುದು ಅಪರಾಧ, ಮಾರುವುದು ಇನ್ನೂ ದೊಡ್ಡ ಅಪರಾಧ. ದೊಡ್ಡವರಿಗೆ ಅಡ್ಡಿ ಇರಲಿಲ್ಲ. ಡಾಕ್ಟರರ ಚೀಟಿ ತಂದು, ಪರ್ಮಿಟ್ಟು ಮಾಡಿಸಿಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬ್ರಾಂದಿ ಕುಡಿಯುತ್ತಿದ್ದರು. ಗಾಡಿ ಹೊಡೆಯುವವನಿಗೆ, ಮೂಟೆ ಹೊರುವವನಿಗೆ ಯಾವ ಡಾಕ್ಟರು ಚೀಟಿ ಕೊಡುತ್ತಾನೆ? ಅವರಿಗಾಗಿ ಇದ್ದದ್ದು ಗಾಡಿ ಅಡ್ಡೆಯ ಹಿಂದಿನ ಓಣಿಯಲ್ಲಿ ಜಟ್ಟಪ್ಪನ ಮನೆ.

ಜಟ್ಟಪ್ಪ ಸುಬ್ಬಿಯ ಗಂಡ. ಎಕ್ಕಂಬಿಯ ಆಚೆ ಕಾಡಿನಲ್ಲಿ ಬೈರ ಅನ್ನುವವನು ಬೆಲ್ಲ ಕೊಳೆಸಿ ಸಾರಾಯಿ ಭಟ್ಟಿ ಇಳಿಸುತ್ತಿದ್ದ, ಅದನ್ನು ಹುಲ್ಲಿನ ಹೊರೆಯಲ್ಲಿ ಅಡಗಿಸಿ ತಂದು ಜಟ್ಟಪ್ಪ ಮಾರುತ್ತಿದ್ದ. ಹಿತ್ತಲ ಚಪ್ಪರದ ಅಡಿ ಎರಡು ಬೆಂಚು, ನಾಲ್ಕು ಗ್ಲಾಸು, ಸುಬ್ಬಿ ಹುರಿದ ಒಣ ಸೀಗಡಿ. ಹೊರಗಿನಿಂದ ನೋಡಿದರೆ ಎಮ್ಮೆ ಕಟ್ಟುವ ಜಾಗ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರಂತೆ. ನಮ್ಮೂರ ಕೆಲವು ಗೌರವಸ್ಥರು ಜಟ್ಟಪ್ಪನ ಚಪ್ಪರದಲ್ಲಿ ಕೂತು ಸಾರಾಯಿ ಕುಡಿದು, ಮಜ್ಜಿಗೆ ಕುಡಿದೆ ಅಂತ ಹೆಂಡತಿಗೆ ಹೇಳುತ್ತಿದ್ದರು. ನಾನೂ ಆಗಾಗ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಕದ್ದು ಮಾರುವ ಮಾಲಿಗೆ ಸೀಲು ಇಲ್ಲ, ಚೀಟಿ ಇಲ್ಲ. ಅದರಲ್ಲಿ ಏನಿದೆ ಅಂತ ಕುಡಿಯುವವನಿಗೆ ಗೊತ್ತಾಗುವುದು ಹೇಗೆ? ಅದಕ್ಕೆ ಅಂಥ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಹೊಸ ಡಬ್ಬ ಒಡೆದಾಗ ಮೊದಲ ಗ್ಲಾಸು ಮನೆಯವರದು. ಗಿರಾಕಿಗಳ ಕಣ್ಣೆದುರೇ ಮಾರುವವನು ಅದನ್ನು ಪೂರ್ತಿ ಕುಡಿಯಬೇಕು. ಆಮೇಲೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂರಬೇಕು. ಅವನು ನೆಟ್ಟಗೆ ನಿಂತು ಮಾತಾಡಿಕೊಂಡಿದ್ದರೆ ಉಳಿದವರಿಗೆ ಬಗ್ಗಿಸಬಹುದು. ಜಟ್ಟಪ್ಪನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ದೇವರ ಪ್ರಸಾದದಲ್ಲಿ ಕಲ್ಲು ಸಿಕ್ಕೀತು, ಮನೆಯವರ ಗ್ಲಾಸಿನಲ್ಲಿ ಮೋಸ ಇಲ್ಲ ಅನ್ನುವುದು ಗಾಡಿಯವರ ನಂಬಿಕೆ.

ಒಂದು ಮಳೆಗಾಲ ಜಟ್ಟಪ್ಪ ರಕ್ತ ಕಾರಿಕೊಂಡ. ಅವನ ತಾಯಿ ಚೌಡಮ್ಮ ಮಗನನ್ನು ಎಳೆದುಕೊಂಡು ಹೋಗಿ ಚೌಡಿಯ ಕಲ್ಲಿನ ಮುಂದೆ, ಇನ್ನು ಸಾರಾಯಿ ಬಾಯಿಗೆ ಹಾಕುವುದಿಲ್ಲ ಅಂತ ಆಣೆ ಮಾಡಿಸಿದಳು. ಆಣೆ ಮಾಡಿಸಿದವಳು ಅದೇ ವರ್ಷ ತೀರಿಕೊಂಡಳು. ಆಣೆ ಉಳಿಯಿತು, ವ್ಯಾಪಾರವೂ ಉಳಿಯಿತು. ಕುಡಿಯುವುದಿಲ್ಲ ಅಂತ ಆಣೆ, ಕುಡಿಸುವುದಿಲ್ಲ ಅಂತ ಅಲ್ಲವಲ್ಲ! ಹಾಗಾದರೆ ಮನೆಯವರ ಗ್ಲಾಸು ಕುಡಿಯುವವರು ಯಾರು? ಮನೆಯಲ್ಲಿ ಇನ್ನುಳಿದವಳು ಸುಬ್ಬಿ.

ಅವಳಿಗೆ ಸಾರಾಯಿ ಕಂಡರೆ ಆಗುತ್ತಿರಲಿಲ್ಲ. ಮೂಗು ಹಿಡಿದು, ಕಣ್ಣು ಮುಚ್ಚಿ, ಕಷಾಯ ಕುಡಿದ ಹಾಗೆ ಒಂದೇ ಗುಟುಕಿಗೆ ಎತ್ತಿ, ಮೇಲಿಂದ ಉಪ್ಪಿನಲ್ಲಿ ಹಾಕಿದ ಮಿಡಿ ಕಚ್ಚುತ್ತಿದ್ದಳು. ‘ಸುಬ್ಬಕ್ಕ, ಇನ್ನೊಂದು ಹಾಕ್ಲಾ?’ ಅಂತ ಗಾಡಿಯವರು ಕೀಟಲೆ ಮಾಡಿದರೆ, ‘ನಿಮ್ ಜೀವಕ್ಕೆ ಒಂದು ಗ್ಲಾಸು ಸಾಕು, ಎರಡು ಹಾಕೂವಷ್ಟು ಬೆಲೆ ಇಲ್ಲ’ ಅಂತ ತಿರುಗಿಸಿ ಕೊಡುತ್ತಿದ್ದಳು. ಬನವಾಸಿ ಕಡೆಯ ಗಾಡಿ ಮಡಿವಾಳಪ್ಪ ಈ ಮಾತಿಗೆ ತೊಡೆ ತಟ್ಟಿಕೊಂಡು ನಗುತ್ತಿದ್ದ. ಒಳ್ಳೆಯ ಮನುಷ್ಯ. ಸಂತೆಗೆ ಬಂದಾಗಲೆಲ್ಲ ಸುಬ್ಬಿಗೆ ಒಂದು ಹಿಡಿ ಒಣಮೆಣಸಿನಕಾಯಿ ತಂದು ಕೊಡುತ್ತಿದ್ದ.

ಅರವತ್ತೆರಡರ ಬೇಸಿಗೆಯಲ್ಲಿ ಅಬಕಾರಿಯವರು ಬೈರನ ಭಟ್ಟಿಗೆ ನುಗ್ಗಿ ಗಡಿಗೆಗಳನ್ನೆಲ್ಲ ಒಡೆದರು. ಊರಲ್ಲಿ ಹನಿ ಸಾರಾಯಿ ಇಲ್ಲ. ಸಂತೆಯ ದಿನ ಹತ್ತಿರ ಬಂತು. ಜಟ್ಟಪ್ಪ ಎಲ್ಲಿಂದಲೋ ಒಂದು ತಗಡಿನ ಡಬ್ಬ ತಂದ; ಹುಬ್ಬಳ್ಳಿ ಕಡೆಯ ಲಾರಿಯವನೊಬ್ಬ ಕೊಟ್ಟದ್ದಂತೆ. ಮುಚ್ಚಳ ತೆಗೆದಾಗ ಸುಬ್ಬಿ ಮೂಗಿಗೆ ಸೆರಗು ಹಿಡಿದಳಂತೆ. ಅಲ್ಲಿ ಏನೇನು ಮಾತಾಯಿತು, ಸಂಜೆ ಏನೇನು ನಡೆಯಿತು ಅನ್ನುವುದನ್ನೆಲ್ಲ ಮರುದಿನ ಜಟ್ಟಪ್ಪನೇ ನನಗೆ ಹೇಳಿದ್ದು, ಆಸ್ಪತ್ರೆಯ ಜಗಲಿಯಲ್ಲಿ ಕೂತು ಎದೆ ಬಡಿದುಕೊಳ್ಳುತ್ತ.

‘ಎಂತ ವಾಸ್ನೆ ಇದು? ಮೇಜಿಗೆ ಹಚ್ಚೂ ಪಾಲೀಶಿನ ಹಂಗೆ ಅದೆ. ಇವತ್ತು ಬ್ಯಾಡ, ಬಂದವ್ರನ್ನ ವಾಪಸ್ ಕಳ್ಸುವಾ’ ಅಂದಿದ್ದಳು ಸುಬ್ಬಿ.

ಜಟ್ಟಪ್ಪ ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಕಡ್ಡಿ ಗೀರಿದ. ನೀಲಿ ಉರಿ ಎದ್ದಿತು. ಒಳ್ಳೆಯ ಮಾಲು ನೀಲಿಯಾಗಿ ಉರಿಯುತ್ತದೆ ಅನ್ನುವುದು ಆ ಕಸುಬಿನವರ ಲೆಕ್ಕ. ಪಾಲೀಶಿನ ಸ್ಪಿರಿಟ್ಟೂ ನೀಲಿಯಾಗಿಯೇ ಉರಿಯುತ್ತದೆ ಅಂತ ಅವರಿಗೆ ಹೇಳುವವರು ಯಾರು?

‘ನೋಡು, ನೀಲಿ ಉರೀತು. ಅಷ್ಟು ಸಂಶಯ ಇದ್ರೆ ನೀ ಮುಂಚೆ ಕುಡಿ. ಎಂತಾರೂ ಆದ್ರೆ ನಿಂಗೇ ಮೊದ್ಲು ಗೊತ್ತಾಗ್ತದಲ್ಲ’ ಅಂದ ಗಂಡ.

ಹೀಗೆ ಅಂದ ಗಂಡಸಿಗೆ ಏನನ್ನಬೇಕೋ ನನಗೆ ತಿಳಿಯದು. ಆದರೆ ಅವನು ಕೇಡಿನಿಂದ ಅಂದದ್ದಲ್ಲ. ಪದ್ಧತಿಯ ಮೇಲೆ ಅವನಿಗೆ ಅಷ್ಟು ಭರವಸೆ. ಅವಳಿಗೂ ಅಷ್ಟೇ ಇತ್ತು.

ಸಂಜೆ ಮಡಿವಾಳಪ್ಪ ಮತ್ತು ಅವನ ಜೊತೆಯ ಇಬ್ಬರು ಗಾಡಿಯವರು ಬಂದು ಕೂತರು. ನಾನು ಅಂದು ಹೋಗಲಿಲ್ಲ. ಮದುವೆ ಮನೆಯವರ ಜುಬ್ಬಗಳು ರಾಶಿ ಬಿದ್ದಿದ್ದವು, ಮಶಿನ್ನು ತುಳಿಯುತ್ತಿದ್ದೆ. ಸುಬ್ಬಿ ಅವರೆದುರು ನಿಂತು ಗ್ಲಾಸು ಎತ್ತಿದಳು. ಒಂದು ಬೀಡಿ ಮುಗಿಯಿತು. ಸಂಶಯ ಹೋಗದೆ, ಇನ್ನೊಂದು ಹಚ್ಚಿ ಅಂದಳು. ಅದೂ ಮುಗಿಯಿತು. ಅವಳಿಗೆ ಏನೂ ಆಗಲಿಲ್ಲ. ಆಗ ಬಗ್ಗಿಸಿದಳು. ಮೂವರೂ ಕುಡಿದರು, ಮತ್ತೆ ಹಾಕಿಸಿಕೊಂಡು ಕುಡಿದರು, ಗಾಡಿ ಕಟ್ಟಿಕೊಂಡು ಹಾಡುತ್ತ ಹೋದರು.

ಆ ವಿಷ ಬೀಡಿಯ ಲೆಕ್ಕಕ್ಕೆ ಸಿಕ್ಕುವ ವಿಷವಲ್ಲ. ಹೊಟ್ಟೆಯಲ್ಲಿ ಕೂತು, ಮರುದಿನ ಏಳುವಂಥದು.

ಮರುದಿನ ಮಧ್ಯಾಹ್ನ ಸುಬ್ಬಿ ಬಾವಿಕಟ್ಟೆಯಲ್ಲಿ ನಿಂತು, ‘ದಿನಕರಣ್ಣ, ಇದೆಂತ, ಬ್ಯಾಸ್ಗೆಲಿ ಮಂಜು ಬಿದ್ದದೆ?’ ಅಂತ ತಟ್ಟಿಯ ಆಚೆಯಿಂದ ಕೂಗಿದಳು. ಹೊರಗೆ ಸುಡುಬಿಸಿಲು. ನಾನು ಹೋಗಿ ನೋಡುವಷ್ಟರಲ್ಲಿ ಅವಳು ಹಗ್ಗಕ್ಕಾಗಿ ಗಾಳಿಯಲ್ಲಿ ಕೈಯಾಡಿಸುತ್ತಿದ್ದಳು, ಹಗ್ಗ ಅವಳ ಭುಜಕ್ಕೆ ತಾಗುತ್ತಲೇ ಇತ್ತು. ಸಂಜೆಗೆ ಮಂಜು ಹೋಗಿ ಕತ್ತಲೆಯಾಯಿತು. ಆ ಕತ್ತಲೆ ಮತ್ತೆ ಹರಿಯಲಿಲ್ಲ. ಒಂದೇ ಗ್ಲಾಸು ಕುಡಿದದ್ದಕ್ಕೆ ಜೀವ ಉಳಿಯಿತು ಅಂದರು ಡಾಕ್ಟರು. ಹೆಚ್ಚು ಕುಡಿದಿದ್ದ ಮೂವರೂ ಅವರವರ ಹಳ್ಳಿಯಲ್ಲಿ ಹೊಟ್ಟೆ ಹಿಡಿದುಕೊಂಡು ಸತ್ತರು.

ಪೊಲೀಸರು ಜಟ್ಟಪ್ಪನನ್ನು ಎಳೆದೊಯ್ದರು. ಕೋರ್ಟಿನಲ್ಲಿ ಅವನ ವಕೀಲರು ಹೇಳಿಕೊಟ್ಟ ಹಾಗೆ ಅವನು ಹೇಳಿದ: ‘ನನ್ನ ಮನೆಯಲ್ಲಿ ಯಾರಿಗೂ ಸಾರಾಯಿ ಕೊಟ್ಟಿಲ್ಲ. ಅವರೇ ತಂದುಕೊಂಡು ಚಪ್ಪರದಲ್ಲಿ ಕೂತಿದ್ದರು. ನಾನು ದೇವರ ಆಣೆ ಮಾಡಿದವನು. ನನ್ನ ಹೆಂಡತಿ ಸಾರಾಯಿ ಮುಟ್ಟುವವಳೇ ಅಲ್ಲ. ಅವಳ ಕಣ್ಣು ಮೊದಲಿನಿಂದಲೇ ಮಂಜು.’ ಅವನು ನನಗೆ ಹೇಳಿದ್ದನ್ನು ನಾನು ಹೇಳುತ್ತೇನೆ ಅಂತ ಹೋದೆ. ಕೇಳಿದ್ದು ಸಾಕ್ಷಿಯಲ್ಲ, ಕಂಡದ್ದಿದ್ದರೆ ಹೇಳು ಅಂದು ಕಳಿಸಿದರು. ಜಟ್ಟಪ್ಪನ ಆ ಸುಳ್ಳಿನಿಂದ ಸುಬ್ಬಿಗೆ ಜೈಲು ತಪ್ಪಿತು, ಅವನ ಶಿಕ್ಷೆಯೂ ಕಡಿಮೆಯಾಯಿತು. ಕಾರವಾರದ ಜೈಲಿನಲ್ಲಿ ಕೆಲಕಾಲ ಇದ್ದು ಬಂದ.

ಆದರೆ ಊರು ತನ್ನದೇ ಕೋರ್ಟು ನಡೆಸಿತು. ಮನೆಯವರ ಗ್ಲಾಸು ಯಾವತ್ತೂ ಸುಳ್ಳಾದದ್ದಿಲ್ಲ. ಅವಳು ಕುಡಿದಿದ್ದರೆ ಅವಳಿಗೇ ಮೊದಲು ಏನಾದರೂ ಆಗಬೇಕಿತ್ತು, ಆಗಲಿಲ್ಲ. ಆದ್ದರಿಂದ ಅವಳು ಕುಡಿದಿಲ್ಲ. ಕಣ್ಣು? ಮೊದಮೊದಲು ನಾಟಕ ಅಂದರು. ಬಾವಿಕಟ್ಟೆಗೆ ಬಂದು ಅವಳ ಮುಖದ ಮುಂದೆ ಬೆರಳಾಡಿಸಿ ನೋಡಿದರು. ನಾಟಕವಲ್ಲ ಅಂತ ಖಾತ್ರಿಯಾದ ಮೇಲೆ, ಸಾಯುವವರ ಶಾಪ, ಚೌಡಿ ಕಣ್ಣು ಕಿತ್ತುಕೊಂಡಳು ಅಂದರು. ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ, ಅಂತ ನನ್ನ ಅಂಗಡಿಯಲ್ಲೇ ಕೂತು ಒಬ್ಬ ಹೇಳಿದ. ಅವನ ಅಂಗಿಯ ಬಟ್ಟೆಯನ್ನು ಅವನ ಮುಖಕ್ಕೆ ಎಸೆದು, ಬೇರೆ ಕಡೆ ಹೊಲಿಸಿಕೋ ಅಂದೆ.

ಊರು ಏನಂದರೂ ಸುಬ್ಬಿ ತಲೆ ಕೆಡಿಸಿಕೊಳ್ಳಲಿಲ್ಲ. ಅವಳನ್ನು ಕೊರೆದದ್ದು ಒಬ್ಬಳೇ, ಮಡಿವಾಳಪ್ಪನ ಹೆಂಡತಿ ಸಿದ್ದವ್ವ. ಒಂದು ಸಂತೆಯ ದಿನ ಆಕೆ ಮೆಣಸಿನಕಾಯಿ ಬುಟ್ಟಿ ಹೊತ್ತುಕೊಂಡೇ ಬಂದು ಅಂಗಳದಲ್ಲಿ ನಿಂತಳು.

‘ನನ್ನ ಗಂಡಗ ಹಾಕೂದಕ್ಕಿಂತ ಮೊದಲ ನೀ ಕುಡದಿದ್ದೇನು? ಅಷ್ಟ ಹೇಳು.’

‘ಕುಡ್ದಿದ್ದೆ ಅವ್ವ. ಎರಡು ಬೀಡಿ ಕಾದಿದ್ದೆ.’

‘ನಿನ್ನ ಗಂಡನೇ ಕೋರ್ಟಿನ್ಯಾಗ ಇಲ್ಲ ಅಂದಾನಲ್ಲ. ನಿನ್ನ ನಂಬ್ಲೋ, ಅವನ್ನ ನಂಬ್ಲೋ?’

ನಾನು ನಡುವೆ ಬಾಯಿ ಹಾಕಿದೆ. ‘ನೀವು ಕಣ್ಣಾರೆ ಕಂಡ್ರೇನ್ರಿ?’ ಅಂದಳು ಸಿದ್ದವ್ವ. ಇಲ್ಲ ಅಂದೆ. ‘ಹಂಗಾದ್ರ ಸುಮ್ಮನ ಇರ್ರಿ’ ಅಂದಳು. ಹೋಗುವ ಮುಂಚೆ ಸುಬ್ಬಿಯ ಕಡೆ ತಿರುಗಿ ಒಂದು ಮಾತು ಬಿಟ್ಟುಹೋದಳು: ‘ನಿನ್ನ ಗಂಡ ನನ್ನ ಮುಂದ ನಿಂತು ಹೌದು ಅನ್ಲಿ, ಅವತ್ತ ನಂಬತೀನಿ.’

ಜಟ್ಟಪ್ಪ ಜೈಲಿನಿಂದ ಬಂದ ಮೇಲೆ ಸುಬ್ಬಿ ಅವನಲ್ಲಿ ಕೇಳಿದ್ದು ಇದೊಂದೇ. ಅವಳನ್ನು ಅವನು ಚೆನ್ನಾಗಿಯೇ ನೋಡಿಕೊಂಡ, ಅದನ್ನೂ ಹೇಳಬೇಕು. ನೀರು ಸೇದಿ ಕೊಡುತ್ತಿದ್ದ, ತಲೆ ಬಾಚುತ್ತಿದ್ದ. ‘ಬನವಾಸಿ ಕಡೆ ಒಂದ್ಸಲ ಹೋಗಿ ಹೇಳಿ ಬಾ’ ಅಂದರೆ ಮಾತ್ರ, ಮಳೆ ಬಿಡಲಿ ಅನ್ನುತ್ತಿದ್ದ. ಮಳೆ ಬಿಟ್ಟರೆ, ಗದ್ದೆ ಕೊಯ್ಲು ಮುಗಿಯಲಿ ಅನ್ನುತ್ತಿದ್ದ.

ಅರವತ್ತೇಳರಲ್ಲಿ ದಾರೂಬಂದಿ ಹೋಯಿತು. ನಿನ್ನೆಯವರೆಗೆ ಜೈಲಿಗೆ ಹಾಕುತ್ತಿದ್ದ ಸರಕಾರವೇ ಸಾರಾಯಿ ಅಂಗಡಿ ಹರಾಜು ಹಾಕಿತು. ಸತ್ತವರು ಐದು ವರ್ಷ ತಡೆದುಕೊಂಡಿದ್ದರೆ ಸೀಲು ಹಾಕಿದ ಬಾಟಲಿಯಲ್ಲೇ ಕುಡಿಯಬಹುದಿತ್ತು. ಗುತ್ತಿಗೆದಾರನಿಗೆ ಗಿರಾಕಿಗಳ ಮುಖ ಬಲ್ಲ ಆಳು ಬೇಕಿತ್ತು. ಜಟ್ಟಪ್ಪ ಪೇಟೆಯ ಅಂಗಡಿಯಲ್ಲಿ ಹಲಗೆಯ ಹಿಂದೆ ನಿಂತು ಸಾರಾಯಿ ಅಳೆಯತೊಡಗಿದ. ಇಸ್ತ್ರಿ ಅಂಗಿ, ಹಣೆಗೆ ಕುಂಕುಮ. ಜನ ಅವನನ್ನು ಜಟ್ಟಪ್ಪನವರೇ ಅನ್ನತೊಡಗಿದರು.

ಮುಂದಿನ ಸಂತೆಗೆ ಸುಬ್ಬಿ ನನ್ನ ಕೈ ಹಿಡಿದುಕೊಂಡು ಮೆಣಸಿನಕಾಯಿ ಸಾಲಿಗೆ ಹೋದಳು. ‘ಸಿದ್ದವ್ವ, ಬಾ. ಅಂವ ಇಲ್ಲೇ ಅಂಗಡಿಲಿ ಇದಾನೆ. ನಿನ್ನ ಎದ್ರಿಗೇ ಕೇಳ್ತೆ’ ಅಂದಳು. ಸಿದ್ದವ್ವ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು.

ಹಾಡುಹಗಲು. ಅಂಗಡಿ ತುಂಬ ಜನ. ಗುತ್ತಿಗೆದಾರ ಒಳಗೆ ಕುರ್ಚಿಯಲ್ಲಿ ಕೂತಿದ್ದ. ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತದ್ದು ಕಂಡು ಗದ್ದಲ ನಿಂತಿತು.

‘ಹೇಳು’ ಅಂದಳು ಸುಬ್ಬಿ. ‘ಅವತ್ತು ನಾನು ಮುಂಚೆ ಕುಡ್ದಿದ್ನ ಇಲ್ವ? ಇವ್ಳಿಗೆ ಅದೊಂದು ಹೇಳು, ಮನೆಗೆ ಹೋಗ್ತೆ.’

ಜಟ್ಟಪ್ಪ ಗುತ್ತಿಗೆದಾರನ ಕಡೆ ನೋಡಿದ. ಹೌದು ಅಂದರೆ, ಕೋರ್ಟಿನಲ್ಲಿ ಹೇಳಿದ್ದು ಸುಳ್ಳು, ಮೂವರಿಗೆ ವಿಷ ಹಾಕಿದ್ದು ತನ್ನ ಮನೆಯಲ್ಲೇ ಅಂತ ಗುತ್ತಿಗೆದಾರನ ಎದುರೇ ಒಪ್ಪಿಕೊಂಡ ಹಾಗೆ. ಅವನು ಅಳತೆಯ ಪಾತ್ರೆಯನ್ನು ಕೆಳಗಿಟ್ಟ. ಆಮೇಲೆ ಹೆಂಡತಿಯ ಮುಖವನ್ನೇ, ಆ ಎರಡು ಕಣ್ಣುಗಳನ್ನೇ ನೇರ ನೋಡುತ್ತ ಹೇಳಿದ:

‘ನನ್ನ ಹೆಂಡ್ತಿ ಸಾರಾಯಿ ಮುಟ್ಟೋಳಲ್ಲ. ಕಣ್ಣು ಹೋದ್ಮೇಲೆ ತಲೆನೂ ಸರಿ ಇಲ್ಲ ಇವ್ಳಿಗೆ. ದಿನಕರಣ್ಣ, ಮನೆಗೆ ಕರ್ಕಂಡು ಹೋಗಿ.’

ಯಾರೋ ನಕ್ಕರು. ಸಿದ್ದವ್ವ ಸೆರಗು ಬಿಗಿದುಕೊಂಡು ಮೆಣಸಿನಕಾಯಿ ಸಾಲಿಗೆ ನಡೆದುಬಿಟ್ಟಳು. ನನಗೆ ಆ ಹಲಗೆಯ ಮೇಲಿನ ಬಾಟಲಿಯನ್ನೆಲ್ಲ ಗುಡಿಸಿ ಹಾಕುವಷ್ಟು ಸಿಟ್ಟು ಬಂದಿತ್ತು. ಸುಬ್ಬಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ಬಿಡಲಿಲ್ಲ.

ಓಣಿಯ ತಿರುವಿನವರೆಗೆ ನಡೆದೆವು. ಅಲ್ಲಿ ಅವಳು ನಿಂತಳು.

‘ದಿನಕರಣ್ಣ, ಅಂವ ಅದನ್ನ ಹೇಳೂವಾಗ ನನ್ ಮುಖ ನೋಡಿದ್ನ?’

‘ಇಲ್ಲ ಮಾರಾಯ್ತಿ. ನೆಲ ನೋಡ್ತಿದ್ದ’ ಅಂದೆ.

‘ಹಂಗಾರೆ ಅವಂಗೆ ಬ್ಯಾಜಾರಾಗದೆ. ಮುಖ ನೋಡಿ ಹೇಳೂಕೆ ಆಗ್ಲಿಲ್ಲ, ಅಲ್ದ?’ ಅಂದಳು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಮನೆಗೆ ಹೋಗಿ, ಒಲೆ ತಡವಿ ಉರಿ ಮಾಡಿ, ಅವನಿಗೂ ಸೇರಿಸಿ ಅಕ್ಕಿ ತೊಳೆದಳು.