ಗಗನಾ ಹಿಡಿದ ಚೆಂಡುಗಳು

ನನ್ನ ಮೊಮ್ಮಗಳು ಗಗನಾ ಹೊಡೆದ ಚೆಂಡು ಭದ್ರಾವತಿಯಿಂದ ಹಾರಿ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬಿತ್ತು. ಅಲ್ಲಿ ಸ್ನಾನ ಮಾಡುತ್ತಿದ್ದ ಆನೆ ಅದನ್ನು ಬೇಲದ ಹಣ್ಣೆಂದು ನುಂಗಿತು. ಮೂರನೇ ದಿನ ಲದ್ದಿಯಲ್ಲಿ ಮಾವುತನಿಗೆ ಸಿಕ್ಕಿತು. ಈ ಕತೆಯನ್ನು ಕಾಗದನಗರದ ಕೊಟ್ರಬಸಪ್ಪನ ಟೀ ಅಂಗಡಿಯಲ್ಲಿ ಕಡಿಮೆಯೆಂದರೂ ನಲವತ್ತು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಆನೆ ಸ್ವಲ್ಪ ಬೆಳೆದಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ, ಯಾರೂ ಅದನ್ನು ನಂಬಿರಲಿಲ್ಲ. ನಂಬುವಂಥ ಸುಳ್ಳೊಂದನ್ನು ಹೇಳಿದೆನಲ್ಲ, ನಾಚಿಕೆ ಅದಕ್ಕೆ.

ಗಗನಾ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿದವಳು. ಅವಳ ಮೊದಲ ಬ್ಯಾಟು ಅವಳಪ್ಪ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಊಟದ ಬಿಡುವಿನಲ್ಲಿ ಲೇತ್ ಮೇಲೆ ಮಾಡಿಕೊಟ್ಟಿದ್ದು. ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಬೇಸ್‌ಬಾಲ್ ಆಡಿಸುವ ಲೀಗ್ ಹೊಸದಾಗಿ ಶುರುವಾದಾಗ ಪುಣೆಯ ತಂಡದವರು ಅವಳನ್ನು ಆರಿಸಿಕೊಂಡರು.

ಅಲ್ಲಿ ತನ್ನ ಕೆಲಸವೇನೆಂದು ಮೊದಲ ತಿಂಗಳೇ ಫೋನಿನಲ್ಲಿ ಹೇಳಿದ್ದಳು. ಚೆಂಡು ಎಸೆಯುವವರು ಆಟಕ್ಕಿಳಿಯುವ ಮುಂಚೆ ಮೈದಾನದ ಬೇಲಿಯಾಚೆ ನಿಂತು ಎಸೆದು ಕೈ ಪಳಗಿಸಿಕೊಳ್ಳುತ್ತಾರಂತೆ. ಇವಳು ಕುಕ್ಕರುಗಾಲಿನಲ್ಲಿ ಕೂತು ಅದನ್ನೆಲ್ಲ ಹಿಡಿಯಬೇಕು. ದಿನಕ್ಕೆ ಮುನ್ನೂರು ಚೆಂಡು. ಎಡಗೈಯ ತೋರುಬೆರಳು ಸೊಟ್ಟಗಾಯಿತು. ಇವಳು ಕೂತರೆ ಮಾತ್ರ ಎಸೆಯುತ್ತೇವೆ ಎನ್ನುತ್ತಿದ್ದರಂತೆ ಆ ಹುಡುಗಿಯರು. ಆಡುವ ಒಂಬತ್ತು ಜನರಲ್ಲಿ ಅವಳ ಹೆಸರು ಒಂದು ದಿನವೂ ಬರಲಿಲ್ಲ.

ಅದನ್ನು ಟೀ ಅಂಗಡಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಟೀಮಿನಲ್ಲಿ ಮೊಮ್ಮಗಳು ಏನಾಗಿದ್ದಾಳೆ ಎಂದು ಕೊಟ್ರಬಸಪ್ಪ ಕೇಳಿದ. ಕ್ಯಾಪ್ಟನ್ ಎಂದುಬಿಟ್ಟೆ. ಆನೆಯಿಲ್ಲದ ಸುಳ್ಳು, ಎಲ್ಲರೂ ನಂಬಿದರು.

ಎರಡು ವರ್ಷಕ್ಕೆ ಲೀಗ್ ನಿಂತುಹೋಯಿತು, ಗಗನಾ ಊರಿಗೆ ಹೊರಟಳು. ನಮ್ಮ ಕ್ವಾರ್ಟರ್ಸಿನವರು ಸೇರಿ ಸನ್ಮಾನ ಇಟ್ಟುಕೊಂಡರು. ‘ತಂಡದ ನಾಯಕಿ ಕು. ಗಗನಾ’ ಎಂದು ಫ್ಲೆಕ್ಸ್ ಮಾಡಿಸಿದರು. ಪ್ರಿಂಟಿಗೆ ಹೋಗುವ ಮುಂಚೆ ನನಗೆ ತೋರಿಸಿದ್ದರು. ಆಗಲಾದರೂ ಹೇಳಬಹುದಿತ್ತು. ಫೋಟೊ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದೆ.

ಅವಳು ಆಟೋದಿಂದ ಇಳಿದು ಫ್ಲೆಕ್ಸ್ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಬಗ್ಗಿ ಹವಾಯಿ ಚಪ್ಪಲಿಯಲ್ಲಿ ಲೇಸು ಹುಡುಕಿದೆ.

ಸಂಜೆ ವೇದಿಕೆಯ ಮೇಲೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗಗನಾ ಮೈಕ್ ತೆಗೆದುಕೊಂಡಳು.

“ನಾನು ಕ್ಯಾಪ್ಟನ್ ಅಲ್ಲ. ಎರಡು ವರ್ಷದಲ್ಲಿ ಒಂದು ಮ್ಯಾಚೂ ಆಡಿಲ್ಲ. ಆಡೋರು ಪ್ರ್ಯಾಕ್ಟೀಸಿಗೆ ಎಸೆದಿದ್ದನ್ನ ಹಿಡೀತಿದ್ದೆ. ಅದೇ ನನ್ನ ಕೆಲ್ಸ.”

ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ಇಳಿದು ಬಂದಳು. ಸುಳ್ಳು ಯಾರದೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಡೀ ಪೆಂಡಾಲು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿತ್ತು.

ಮನೆಯಲ್ಲಿ ಅವಳು ಕೇಳಿದ್ದು ಒಂದೇ ಮಾತು. “ನಾನು ಹಿಡಿದಿದ್ದು ನಿಂಗೆ ಸಾಲ್ಲಿಲ್ವಾ ಅಜ್ಜ?”



ಮಾರನೇ ಬೆಳಿಗ್ಗೆ ಟೀ ಅಂಗಡಿಗೆ ಹೋದೆ. ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡೆ. ದಿನಕ್ಕೆ ಮುನ್ನೂರು ಚೆಂಡು, ಎರಡು ವರ್ಷ, ಸೊಟ್ಟಗಾದ ಬೆರಳು, ಇವಳು ಕೂರದಿದ್ದರೆ ಆ ಹುಡುಗಿಯರು ಎಸೆಯಲು ಒಪ್ಪುತ್ತಿರಲಿಲ್ಲ ಎನ್ನುವುದು, ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದೆ.

ಕೊಟ್ರಬಸಪ್ಪ ಲೋಟ ತೊಳೆಯುತ್ತಲೇ ಕೇಳಿದ, “ಮುನ್ನೂರಾ? ಬಿಡು ಮುರುಗೇಶಪ್ಪಣ್ಣ, ಈ ಕತೇಲಿ ಆನೆ ಎಲ್ಲಿ ಬರುತ್ತೆ ಮಾರಾಯ?”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಒಂದೇ ಒಂದು ಚೆಂಡನ್ನೂ ನಾನು ಹೆಚ್ಚಿಗೆ ಸೇರಿಸಿರಲಿಲ್ಲ.