ಕಾರಿನ ಗಾಜಿಗೆ ಹೊಸ ಕಂಬಳಿ

ನನ್ನ ಅತ್ತೆಯ ಮೂಗು ಉದ್ದ. ಏನನ್ನಾದರೂ ನಂಬಬೇಕಾಗಿ ಬಂದರೆ ಅದರ ತುದಿ ಸಣ್ಣಗೆ ಅದುರುತ್ತಿತ್ತು. ಹಾಲು, ಉಪ್ಪು, ನೆಂಟರು, ಎಲ್ಲವೂ ಆ ಮೂಗನ್ನು ದಾಟಿಯೇ ಮನೆಯೊಳಗೆ ಬರಬೇಕು. ಮದುವೆಯಾಗಿ ಸೇಲಂ ಕಡೆಯ ಕೊಳತ್ತೂರಿಗೆ ಬಂದ ನನಗೆ ಮಾತು ಕಡಿಮೆ. ಅದೂ ಅವರಿಗೆ ಅನುಮಾನವೇ. "ಬಾಯಿ ಬಿಡದೋಳು ಒಳಗೆ ಏನ್ ಮಡಿಕ್ಕಂಡವ್ಳೋ" ಎಂದು ನನಗೆ ಕೇಳಿಸುವಂತೆ ಕುರಿಗಳಿಗೆ ಹೇಳುತ್ತಿದ್ದರು.

ನಿಮ್ಮ ತಾತ ಆಗ ಹಳೆಯ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ನಿಮ್ಮ ಕಾರಿನಲ್ಲಿ ಗುಂಡಿ ಒತ್ತಿದರೆ ಗಾಜು ಏರುತ್ತದೆ. ಅದರಲ್ಲಿ ಹಿಡಿ ತಿರುಗಿಸಬೇಕಿತ್ತು. ಎಷ್ಟು ತಿರುಗಿಸಿದರೂ ಗಾಜು ನರಳಿ ನರಳಿ ಮೇಲೇಳುತ್ತಿತ್ತು. ಮೆಕ್ಯಾನಿಕ್ ನೋಡಿ, "ಪಟ್ಟಿ ತೇಂಜು ಪೋಚ್ಚು ಆಯಾ" ಎಂದ. ಗಾಜು ಜಾರುವ ಸಂದಿಯ ಉಣ್ಣೆಪಟ್ಟಿ ಸವೆದಿತ್ತು. ಸೇಲಂನಿಂದ ಹೊಸದು ತರಿಸಬೇಕಂತೆ.

"ನೀನೇ ತೇಯ್ದಿರ್ತೀಯ" ಎಂದರು ಅತ್ತೆ ಅವನಿಗೆ. "ಕುರಿ ಸಾಕೋರು ಉಣ್ಣೆಗೆ ಸೇಲಕ್ಕೆ ಓಗ್ಬೇಕೇನ್ಲಾ?"

ನನ್ನ ಅಪ್ಪ ಕಂಬಳಿ ನೇಯುವವರು. ಮದುವೆಗೆಂದು ಅವರು ಕೊಟ್ಟ ಕಂಬಳಿಯ ಮಡಿಕೆಯನ್ನು ನಾನಿನ್ನೂ ಬಿಚ್ಚಿರಲಿಲ್ಲ. ಅತ್ತೆ ಅದರ ಅಂಚು ಕತ್ತರಿಸಿ, ಮೆಕ್ಯಾನಿಕ್‌ನ ಕೈಯಿಂದ ಕಣ್ಣು ತೆಗೆಯದೆ ಅವನಿಂದಲೇ ಸಂದಿಗೆ ಹಾಕಿಸಿದರು. ಗಾಜು ಸಲೀಸಾಗಿ ಏರಿತು. ಮಳೆ ಬಂದ ದಿನ ಮಾತ್ರ ಅರ್ಧದಲ್ಲೇ ಅಂಟಿಕೊಂಡು, ಮದುವೆ ಬಾಡಿಗೆಗೆ ಕೂತಿದ್ದ ಮದುಮಗಳ ಸೀರೆಯೆಲ್ಲ ನೆನೆಯಿತು.

ಅತ್ತೆ ಮೆಕ್ಯಾನಿಕ್‌ನನ್ನು ಬೈದರು. "ನೀಂಗದಾನೇ ಪಕ್ಕತ್ತುಲೆ ಇರುಂದೀಂಗ!" ಎಂದು ಅವನೂ ಕೂಗಿದ. ಪಕ್ಕದಲ್ಲೇ ಇದ್ದದ್ದು ನಿಜ. ಆಗ ಮೂಗು ನನ್ನ ಕಡೆ ತಿರುಗಿತು.

"ಅಂಗಾದ್ರೆ ಕಂಬಳೀಲೇ ಮೋಸ. ನಿಮ್ಮಪ್ಪ ಉಣ್ಣೇಲಿ ಏನ್ ಸೇರ್ಸವ್ನೆ? ಸಂತೇಲಿ ನಾಕು ಜನದ ಮುಂದೆ ಕೇಳ್ತೀನಿ, ತಡಿ."

ಅಪ್ಪ ಆ ಸಂತೆಯಲ್ಲೇ ಕಂಬಳಿ ಮಾರಿ ಬದುಕುವವರು. ಆ ಮಾತು ಅಲ್ಲಿ ಬಿದ್ದರೆ ಇನ್ನು ಯಾರು ಕೊಳ್ಳುತ್ತಾರೆ? ಪಟ್ಟಿಯನ್ನು ಕಿತ್ತು ಬಿಸಿನೀರಿಗೆ ಹಾಕಿ ಅವರ ಮುಂದೆಯೇ ಹಿಂಡಿದೆ. ನೀರು ಗಂಜಿಯಂತೆ ಮಂದವಾಯಿತು. ಹುಣಸೆಬೀಜದ ಅಂಟು ಅದು. ನೂಲು ಬಿಗಿಯಾಗಲೆಂದು ಹೊಸ ಕಂಬಳಿಗೆಲ್ಲ ಬಳಿಯುತ್ತಾರೆ, ನೆನೆದರೆ ಅಂಟುತ್ತದೆ, ಒಗೆದರೆ ಹೋಗುತ್ತದೆ. ಅತ್ತೆಗೆ ತಿಳಿಯದ್ದೇನಲ್ಲ. ಮೆಕ್ಯಾನಿಕ್‌ನನ್ನು ಕಾಯುವ ಭರದಲ್ಲಿ ಒಗೆಯುವುದನ್ನು ಮರೆತಿದ್ದರು.

ಅವರು ಬೆರಳದ್ದಿ ಮೂಸಿದರು. "ಇನ್ನೊಂದ್ ಕಿತ ಇಂಡು" ಎಂದರು. ಒಣಗಿಸಿ ಕೂರಿಸಿದ ಮೇಲೆ ಮಳೆಯಲ್ಲೂ ಗಾಜು ಅಂಟಿಕೊಳ್ಳದೆ ಏರಿತು.

ಆದರೂ ಸಂತೆಗೆ ಹೊರಟರು. ನಾನೂ ಹಿಂದೆಯೇ ಹೋದೆ. ಅಪ್ಪನ ಕಂಬಳಿಗಳ ಪಕ್ಕ ನಿಂತು, "ತಗಳ್ರಲಾ, ನಾನೇ ಇಂಡಿ ನೋಡಿವ್ನಿ. ಉಣ್ಣೆ ಬಿಟ್ರೆ ಇನ್ನೇನೂ ಇಲ್ಲ!" ಎಂದು ಕೂಗಿದರು. ಯಾರನ್ನೂ ನಂಬದ ಹೆಂಗಸೆಂದು ಊರಿಗೇ ಗೊತ್ತಿತ್ತಲ್ಲ, ಜನ ಮುಗಿಬಿದ್ದು ಕೊಂಡರು. ಆಮೇಲೂ ಅಪ್ಪನ ವ್ಯಾಪಾರ ಆ ಮಾತಿನ ಮೇಲೆಯೇ ನಡೆಯಿತು.

ಅದಕ್ಕೊಂದು ಒಳ್ಳೆಯ ಮಾತು ಹೇಳಬೇಕೆಂದು ಎಷ್ಟೋ ಸಲ ಅವರ ಬಳಿ ಹೋಗಿ ನಿಂತೆ. "ಏನ್ ಬೇಕಾಗಿತ್ತು ನಿಂಗೆ?" ಎಂದು ಕಣ್ಣು ಕಿರಿದು ಮಾಡುತ್ತಿದ್ದರು. "ಏನಿಲ್ಲ ಅತ್ತೆ" ಎಂದು ಬಂದುಬಿಡುತ್ತಿದ್ದೆ. ಹೇಳುವ ಧೈರ್ಯ ಬರುವ ಹೊತ್ತಿಗೆ ಅವರೇ ಇರಲಿಲ್ಲ.