ನನ್ನ ತಮ್ಮ ಶನಿಯಾರನಿಗೆ ಹಾವು ಕಚ್ಚಲಿಲ್ಲ

ಮುರ್ಡೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ತಮ್ಮನ ಫೋಟೋ ಹಾಕಿ ಆಳೆತ್ತರದ ಬ್ಯಾನರ್ ಕಟ್ಟಿದ್ದರು. ಕೊರಳಿಗೆ ಕೇರೆಹಾವು ಸುತ್ತಿಕೊಂಡು ನಗುವ ಫೋಟೋ. ಕೆಳಗೆ ‘ನಾಗನ ಪಾದ ಸೇರಿದ ನಾಗಮಿತ್ರ ಶನಿಯಾರ’ ಅಂತ ಬರೆಸಿದ್ದರು. ನಾನು ಮೂರನೇ ಇಯತ್ತೆಯವರೆಗೆ ಕಲಿತವಳು, ದೊಡ್ಡ ಅಕ್ಷರ ಓದಲು ಬರುತ್ತದೆ. ಅವನ ಹನ್ನೆರಡನೇ ದಿನದ ಊಟಕ್ಕೆ ಸಾಮಾನು ತರಲು ಹೋಗಿದ್ದೆ. ಎರಡು ಕೈಯಲ್ಲೂ ಚೀಲ ಇತ್ತು. ಇಲ್ಲದಿದ್ದರೆ ಆ ಬ್ಯಾನರನ್ನು ಅಲ್ಲೇ ಹರಿದು ಚರಂಡಿಗೆ ಹಾಕುತ್ತಿದ್ದೆ.

ನನ್ನ ತಮ್ಮನನ್ನು ಕೊಂದದ್ದು ಹಾವಲ್ಲ, ಕರೆಂಟು. ಇದನ್ನು ಆವತ್ತಿನಿಂದ ಹೇಳುತ್ತಲೇ ಬಂದಿದ್ದೇನೆ. ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ಅದಕ್ಕೇ ಈಗ ತಮ್ಮನ ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ.

ನಾವು ಬೆಳಕೆ ಅನ್ನುವ ಊರಿನ ಕಡಲಬದಿಯ ಮೀನುಗಾರರು. ಶನಿಯಾರ ಹುಟ್ಟಿದ ವರ್ಷವೇ ಅಮ್ಮ ಹೋದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ರಂಪಣಿ ಬಲೆ ದಡಕ್ಕೆ ಎಳೆದಾಗ ಮೀನಿನ ಜೊತೆ ಕಡಲಹಾವು ಬಂದರೆ ಉಳಿದವರು ಬಡಿಗೆ ಹುಡುಕುತ್ತಿದ್ದರು. ಇವನು ಅದರ ಬಾಲ ಹಿಡಿದು ಎತ್ತಿ ನೀರಿಗೆ ಬಿಟ್ಟು ಬರುತ್ತಿದ್ದ. ಅಪ್ಪ ಎಷ್ಟು ಹೊಡೆದರೂ ಬಿಡಲಿಲ್ಲ. ‘ಅದು ನಿಂಗೆ ಎಂತ ಮಾಡಿತ್ತು?’ ಅಂತ ಅಪ್ಪನನ್ನೇ ಕೇಳುತ್ತಿದ್ದ.

ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಅವನಿಗೆ ದೋಣಿ ಒಗ್ಗಲಿಲ್ಲ. ಅಲೆ ದಾಟುವ ಮೊದಲೇ ವಾಂತಿ. ‘ಇವನನ್ನು ಕರಕೊಂಡು ಹೋದರೆ ಮೀನಿಗೆ ಊಟ ಹಾಕಿದ ಹಾಗೆ’ ಅಂತ ನಗುತ್ತಿದ್ದರು. ಆದರೆ ಮರ ಹತ್ತುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಹಾಗಾಗಿ ಮುರ್ಡೇಶ್ವರಕ್ಕೆ ಕೇಬಲ್ ಟಿವಿ ಬಂದಾಗ ವೆಂಕಟ್ರಮಣ ಅನ್ನುವವ, ಕೇಬಲಿನ ಧಣಿ, ಇವನನ್ನು ಕೆಲಸಕ್ಕೆ ಇಟ್ಟುಕೊಂಡ. ಕಂಬದಿಂದ ಕಂಬಕ್ಕೆ, ಮನೆಯ ಮಾಡಿನಿಂದ ಮಾಡಿಗೆ ವೈರ್ ಎಳೆಯುವ ಕೆಲಸ. ಅಲ್ಲೇ ಜಯಂತಿಯನ್ನು ಮದುವೆಯಾದ. ಅಮಿತಾ ಅಂತ ಒಬ್ಬಳೇ ಮಗಳು. ನನ್ನ ಗಂಡ ಕಡಲಿಗೆ ಹೋಗಿ ಬಾರದ ಮೇಲೆ ನಾನೂ ಅವರ ಮನೆಗೇ ಬಂದೆ. ಬೆಳಿಗ್ಗೆ ಬಂಗಡೆ, ತಾರ್ಲೆ ಮೀನು ಹೊತ್ತು ಮಾರುತ್ತಿದ್ದೆ.

ವೈರ್ ಎಳೆಯಲು ಹೋದ ಮನೆಯಲ್ಲೆಲ್ಲ ಇವನಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ‘ಶನಿಯಾರಣ್ಣ, ಬಚ್ಚಲಲ್ಲಿ ಹಾವು ಹೊಕ್ಕಿದೆ ಮಾರಾಯ.’ ಹೋಗುತ್ತಿದ್ದ. ಹಿಡಿದು ಗುಡ್ಡಕ್ಕೆ ಬಿಡುತ್ತಿದ್ದ. ನಾಗರಹಾವನ್ನು ಬಡಿಯಲು ಜನಕ್ಕೆ ಹೆದರಿಕೆ, ಬಿಡಲೂ ಹೆದರಿಕೆ. ಆ ಹೆದರಿಕೆಯನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಹೋಗಲು ಇವನೊಬ್ಬ ಬೇಕಿತ್ತು.

ವೆಂಕಟ್ರಮಣನ ಹತ್ತಿರ ಮದುವೆಗೆ ಬಾಡಿಗೆ ಕೊಡುವ ಕ್ಯಾಮರಾ ಇತ್ತು. ಒಂದು ದಿನ ಹಾವು ಹಿಡಿಯುವುದನ್ನು ತೆಗೆದು ಕೇಬಲಿನಲ್ಲಿ ಬಿಟ್ಟ. ಜನ ಹುಚ್ಚಾದರು. ಆಮೇಲೆ ಪ್ರತಿ ಭಾನುವಾರ ‘ನಮ್ಮ ನೆರೆಹೊರೆ’ ಅಂತ ಕಾರ್ಯಕ್ರಮ. ಹಾವು, ಉಡ, ಬಾವಲಿ, ಮೊಟ್ಟೆಯಿಡಲು ಬಂದ ಆಮೆ. ಒಮ್ಮೆ ಗೇರುಸೊಪ್ಪಕ್ಕೆ ಹೋಗಿ ಹೊಳೆಯ ನೀರುನಾಯಿಯನ್ನೂ ತೋರಿಸಿದ. ಪುಸ್ತಕದ ಮಾತಲ್ಲ, ನಮ್ಮದೇ ಮಾತು. ‘ಹೆದರಬೇಡಿ ಮಾರಾಯ್ರೆ, ಅದೇ ನಿಮಗೆ ಹೆದರಿಕೊಂಡು ಕೂತಿದೆ’ ಅಂತ ಶುರು ಮಾಡುತ್ತಿದ್ದ. ಕ್ಯಾಸೆಟ್ಟು ಹೊನ್ನಾವರ, ಕುಮಟಾದ ಕೇಬಲಿಗೂ ಹೋಗುತ್ತಿತ್ತು. ಕುಮಟಾ ಬಸ್ ಹತ್ತಿದರೆ ಕಂಡಕ್ಟರ್ ಕೇಳುತ್ತಿದ್ದ, ‘ಚೀಲದಲ್ಲಿ ಎಂತ ಉಂಟು ಹೇಳಿ ಕೂತ್ಕೊ ಶನಿಯಾರಣ್ಣ, ಅದಕ್ಕೂ ಟಿಕೆಟ್ ಹರೀಬೇಕಾ?’

‘ಅದಕ್ಕೆ ಅರ್ಧ ಟಿಕೆಟ್ ಸಾಕು, ಕಾಲಿಲ್ಲ’ ಅನ್ನುತ್ತಿದ್ದ ಇವನು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಆದರೆ ಟಿವಿಯಲ್ಲಿ ಬಂದವ ಅಂತ ಏಣಿ ಹತ್ತುವುದೇನೂ ತಪ್ಪಲಿಲ್ಲ. ಭಾನುವಾರ ಮಾತ್ರ ಅವನು ಊರಿಗೆಲ್ಲ ಶನಿಯಾರಣ್ಣ. ಸೋಮವಾರ ಮತ್ತೆ ‘ಏ, ಕೇಬಲಿನವ, ಚಿತ್ರ ಬರೂದಿಲ್ಲ ನೋಡು.’

ಎರಡು ಸಾವಿರದ ಆರು, ಮಳೆಗಾಲ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ನಾನು ಮೀನಿನ ಬುಟ್ಟಿ ತೊಳೆಯುತ್ತಿದ್ದೆ. ಮನೆ ಎದುರು ರಿಕ್ಷಾ ನಿಂತಿತು. ವೆಂಕಟ್ರಮಣ ಮೊದಲು ಇಳಿದ. ‘ದುರ್ಗಕ್ಕ, ಮೋಸ ಆತು. ಶನಿಯಾರನಿಗೆ ಹಾವು ಮುಟ್ಟಿತು’ ಅಂದ. ಹಿಂದೆ ಮಹಾಬಲ ಇದ್ದ, ತಮ್ಮನ ಜೊತೆ ಏಣಿ ಹಿಡಿಯುವ ಕೆಲಸದವ. ಅವನ ತೊಡೆಯ ಮೇಲೆ ನನ್ನ ತಮ್ಮನ ತಲೆ. ಜೀವ ಹೋಗಿತ್ತು.

ಕೇರಿಗೆ ಕೇರಿಯೇ ಸೇರಿತು. ಆಸ್ಪತ್ರೆಗೆ ಒಯ್ದು ನೋಡಿಸುವ ಅಂದೆ. ‘ನಾಗ ಮುಟ್ಟಿದ ದೇಹವನ್ನು ಕೊಯ್ಸೂದಾ? ಇನ್ನೂ ದೋಷ ಬರಬೇಕಾ?’ ಅಂತ ಹಿರಿಯರು ನನ್ನನ್ನೇ ಗದರಿದರು. ಬೇಗ ಸುಡಬೇಕು ಅಂತ ಅವಸರ ಮಾಡಿದರು. ಯಾರೋ ಪಾದದಲ್ಲಿ ಕಚ್ಚಿದ ಗುರುತು ಕಂಡಿತು ಅಂದರು. ಅದು ಅವನು ಸಣ್ಣವನಿದ್ದಾಗ ಗಾಳದ ಕೊಕ್ಕೆ ಹೊಕ್ಕಿದ ಕಲೆ. ಅರಿಶಿನ ಹಚ್ಚಿ ಕಟ್ಟಿದವಳು ನಾನೇ. ಹೇಳಿದೆ. ಯಾರು ಕೇಳಬೇಕು?

ಮೀಯಿಸುವಾಗ ನೀರು ಹೊಯ್ಯಲು ನನ್ನನ್ನು ಕರೆದರು. ಮುಚ್ಚಿದ ಬಲಗೈ ಬಿಡಿಸಿದೆ. ಅಂಗೈಯಲ್ಲಿ ಅಡ್ಡಕ್ಕೆ ಸುಟ್ಟ ಗಾಯ, ಕಾದ ಸರಳು ಹಿಡಿದ ಹಾಗೆ. ಬೆರಳಿನ ಚರ್ಮ ಕರಕಲಾಗಿ ಸುಲಿದಿತ್ತು. ‘ಇದೆಂತ? ಹಾವು ಸುಡ್ತದಾ?’ ಅಂತ ಕೂಗಿದೆ. ‘ವಿಷ ಏರಿ ಕಪ್ಪಾದದ್ದು’ ಅಂದ ವೆಂಕಟ್ರಮಣ. ಎಲ್ಲರೂ ತಲೆಯಾಡಿಸಿದರು. ಸಂಜೆಯೊಳಗೆ ಬೂದಿ. ಆ ಕೈಯೂ ಬೂದಿ.

ಮರುದಿನದಿಂದ ಊರಿನ ಗಲಾಟೆ ನೋಡಬೇಕಿತ್ತು. ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಮೌನ ಮಾಡಿಸಿದರಂತೆ. ಹೊನ್ನಾವರದಿಂದ ಮುಖಂಡರು ಹಾರ ಹಿಡಿದುಕೊಂಡು ಬಂದು ಹಾವಿನ ಹೊಟ್ಟೆಯ ಹಾಗೆ ನುಣ್ಣಗೆ ಮಾತಾಡಿ ಫೋಟೋ ತೆಗೆಸಿಕೊಂಡು ಹೋದರು. ಅದೇ ತಿಂಗಳು ಪರದೇಶದಲ್ಲಿ ಪ್ರಾಣಿ ತೋರಿಸುವ ಟಿವಿಯವನೊಬ್ಬ ಸಮುದ್ರದಲ್ಲಿ ಸತ್ತಿದ್ದನಂತೆ. ಕುಮಟಾದಲ್ಲಿ ಅವನದೂ ನನ್ನ ತಮ್ಮನದೂ ಫೋಟೋ ಪಕ್ಕ ಪಕ್ಕ ಹಾಕಿ ದೀಪ ಹಚ್ಚಿದರು. ಪಾಪ, ಆ ಪರದೇಶದವನ ಮನೆಯವರಿಗೆ ಅವನು ಹೇಗೆ ಸತ್ತ ಅನ್ನುವುದಾದರೂ ಗೊತ್ತಿತ್ತು.

ಇದು ಹೊಗಳುವವರ ಕತೆ. ಇನ್ನೊಂದು ಪಂಗಡ ಇತ್ತು. ‘ನಾಗನನ್ನು ಹಿಡಿದು ಕುಣಿಸಿದರೆ ಬಿಡ್ತದಾ? ಹೆಂಡತಿ ಮಕ್ಕಳೂ ಅನುಭವಿಸಬೇಕು’ ಅನ್ನುವವರು. ಬಚ್ಚಲಲ್ಲಿ ಹಾವು ಹೊಕ್ಕಾಗ ಊಟದ ಎಲೆಯಿಂದ ಇವನನ್ನು ಎಬ್ಬಿಸಿಕೊಂಡು ಹೋದ ಬಾಯಿಗಳೇ ಅವು. ದೇವರು ಅಂದವರಿಗೂ ಪಾಪಿ ಅಂದವರಿಗೂ ಹಾವೇ ಬೇಕಿತ್ತು. ವೈರಿನ ಸುದ್ದಿ ಯಾರಿಗೂ ಬೇಡ. ನಮ್ಮ ಬಾವಿಯ ನೀರಿಗೂ ಜನ ಬರುವುದು ನಿಲ್ಲಿಸಿದರು. ಅಮಿತಾ ಹೈಸ್ಕೂಲಿಗೆ ಹೊರಟರೆ ಎದುರು ಬಂದವರು ಪಕ್ಕಕ್ಕೆ ಸರಿಯುತ್ತಿದ್ದರು.

ಹನ್ನೆರಡರ ಹಿಂದಿನ ದಿನ ವೆಂಕಟ್ರಮಣ ಬಂದ. ಜೊತೆಯಲ್ಲಿ ಮಹಾಬಲನೂ ಇದ್ದ, ಹಣ್ಣಿನ ಬುಟ್ಟಿ ಹೊತ್ತುಕೊಂಡು.

‘ಜಯಂತಿ, ಸರ್ಪಸಂಸ್ಕಾರ ಮಾಡಿಸುವ. ದೊಡ್ಡ ಕ್ಷೇತ್ರದಲ್ಲೇ ಮಾಡಿಸುವ. ಭಟ್ಟರ ಹತ್ತಿರ ದಿನ ಕೇಳಿಯಾಗಿದೆ, ಖರ್ಚು ನಂದು. ನೀನು ಮಗಳನ್ನು ಕರಕೊಂಡು ಬಂದು ಕೂತರೆ ಆತು. ಕಾರ್ಯ ಮುಗಿದ ಮೇಲೆ ಯಾರೂ ನಿಮ್ಮನ್ನು ಒಂದು ಮಾತು ಆಡೂದಿಲ್ಲ’ ಅಂದ.

ನನಗೆ ಮೈಯೆಲ್ಲ ಉರಿಯಿತು. ಆ ಸಂಸ್ಕಾರಕ್ಕೆ ಕೂತರೆ, ಹಾವೇ ಕೊಂದದ್ದು ಅಂತ ಮನೆಯವರೇ ಅಗ್ನಿಯ ಎದುರು, ಊರ ಎದುರು ಒಪ್ಪಿಕೊಂಡ ಹಾಗೆ. ಆಮೇಲೆ ಯಾವ ಬಾಯಲ್ಲಿ ಕರೆಂಟು ಅನ್ನುವುದು? ಅವನಿಗೆ ಬೇಕಾದದ್ದೂ ಅದೇ.

ಆದರೆ ಜಯಂತಿ ಮೆತ್ತಗಾಗಿದ್ದಳು. ನನ್ನನ್ನು ಒಳಗೆ ಕರೆದು, ‘ಅತ್ತಿಗೆ, ಮಾಡಿಸಿಬಿಡುವ. ಅವರಂತೂ ವಾಪಸ್ ಬರೂದಿಲ್ಲ. ಅಮಿತಾಳನ್ನು ನಾಳೆ ಯಾರು ಕೇಳ್ತ್ರು? ನಾಗದೋಷದ ಹೆಣ್ಣು ಅಂತ ಈಗಲೇ ಹೇಳ್ತಿದ್ರು’ ಅಂದಳು.

‘ನಿನ್ನ ಗಂಡನ ಕೈ ನಾನು ನೋಡಿದ್ದೆ ಜಯಂತಿ.’

‘ಸುಟ್ಟದ್ದು ಅಂತ ನೀವೊಬ್ರೇ ಹೇಳೂದು. ಊರೆಲ್ಲ ಬೇರೆ ಹೇಳ್ತದೆ. ನಾನು ಯಾರನ್ನು ನಂಬೂದು?’

ಆ ಮಾತು ನನಗೆ ಚುಚ್ಚಿತು. ಹೊರಗೆ ಬಂದೆ. ಮಹಾಬಲ ಬುಟ್ಟಿ ಕೆಳಗಿಡದೆ ಹಾಗೇ ನಿಂತಿದ್ದ. ಅವನ ಎದುರಿಗೇ ಹೋಗಿ ನಿಂತೆ.

‘ಮಹಾಬಲ, ನನ್ನ ತಮ್ಮನ ತಲೆ ನಿನ್ನ ತೊಡೆ ಮೇಲಿತ್ತು. ಹಾವು ಎಲ್ಲಿ ಕಚ್ಚಿತು, ಹೇಳು.’

ಅವನು ಧಣಿಯ ಮುಖ ನೋಡಿದ.

‘ಅವನ ಮುಖದಲ್ಲಿ ಬರೆದಿಲ್ಲ ಮಾರಾಯ, ನನ್ನ ಮುಖ ನೋಡಿ ಹೇಳು.’

‘ದುರ್ಗಕ್ಕ, ಹುಡುಗನಿಗೆ ಯಾಕೆ ಒತ್ತಾಯ ಮಾಡ್ತೆ?’ ಅಂತ ವೆಂಕಟ್ರಮಣ ಎದ್ದ. ‘ನಾಗನ ವಿಷಯ ಇದು. ಬಾಯಿಗೆ ಬಂದ ಹಾಗೆ ಮಾತಾಡೂದಲ್ಲ.’

‘ಹೌದು, ನಾಗನ ವಿಷಯ. ನಿನ್ನ ತಪ್ಪನ್ನು ನಾಗನ ತಲೆ ಮೇಲೆ ಹಾಕ್ತೆ, ಹೆದರಿಕೆ ಆಗೂದಿಲ್ವ ನಿಂಗೆ?’

ಅಷ್ಟರಲ್ಲಿ ಜಯಂತಿ ಬಾಗಿಲಿಗೆ ಬಂದಳು. ಅವಳು ಕೂಗಲಿಲ್ಲ. ‘ಮಹಾಬಲ, ನನ್ನ ಮಗಳನ್ನು ಆ ಹೋಮಕ್ಕೆ ಕೂರಿಸೂಕೆ ನಾನು ಹೊರಟಿದ್ದೆ. ಸುಳ್ಳಾದರೆ ಆ ಸುಳ್ಳು ಅವಳ ಮೇಲೆ ಬತ್ತದೆ. ಹಾವು ಇತ್ತಾ?’ ಅಂದಳು.

ಮಹಾಬಲ ಬುಟ್ಟಿ ಕೆಳಗಿಟ್ಟ. ‘ಇಲ್ಲ ಜಯಂತಕ್ಕ. ಆ ದಿನ ಹಾವೇ ಇರಲಿಲ್ಲ. ಚೀಲದಲ್ಲಿ ಇದ್ದದ್ದು ವೈರ್’ ಅಂದ. ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. ಗಾಳಿಗೆ ಕೇಬಲ್ ಕಡಿದು ಲೈಟುಕಂಬದ ತಂತಿಯ ಮೇಲೆ ಬಿದ್ದಿತ್ತಂತೆ. ಕರೆಂಟು ತೆಗೆಸಿ ಹತ್ತುತ್ತೇನೆ ಅಂದನಂತೆ ಶನಿಯಾರ. ಆವತ್ತು ಕ್ರಿಕೆಟ್ ಮ್ಯಾಚ್. ಕೇಬಲ್ ಆಫೀಸಿಗೆ ಫೋನ್ ಮೇಲೆ ಫೋನ್. ಕರೆಂಟು ತೆಗೆದರೆ ಉಳಿದ ಕೇರಿಗಳ ಟಿವಿಯೂ ಹೋಗುತ್ತದೆ, ಜನ ಬೈಯುತ್ತಾರೆ. ‘ಸಾವಿರ ಸಲ ಹತ್ತಿದವ ನೀನು, ಹಾವಿಗೇ ಹೆದರದವ ವೈರಿಗೆ ಹೆದರ್ತೆ?’ ಅಂತ ಧಣಿ ನಕ್ಕನಂತೆ. ಇವನು ಹತ್ತಿದ. ಕೈ ಹಾಕಿದ. ಅಷ್ಟೇ.

ವೆಂಕಟ್ರಮಣ ಚಪ್ಪಲಿ ಮೆಟ್ಟಿಕೊಂಡ. ‘ನಾಳೆಯಿಂದ ನೀನು ಕೆಲಸಕ್ಕೆ ಬರೂದು ಬೇಡ’ ಅಂತ ಮಹಾಬಲನಿಗೆ ಹೇಳಿ ಹೋದ. ಜಯಂತಿ ಹಣ್ಣಿನ ಬುಟ್ಟಿಯನ್ನು ಎತ್ತಿ ಅಂಗಳಕ್ಕೆ ಎಸೆದಳು. ಸಂಸ್ಕಾರದ ಮಾತು ಅಲ್ಲಿಗೆ ಮುಗಿಯಿತು.

ಹೆಣ ಸುಟ್ಟಾಗಿತ್ತು. ಸ್ಟೇಷನ್ನಿಗೆ ದೂರು ಕೊಡಲು ಹೋದರೆ ಪೊಲೀಸರು ‘ಊರೆಲ್ಲ ಹಾವು ಅಂದಿದೆ, ನೀವೂ ಆಗ ಸುಮ್ಮನಿದ್ರಿ’ ಅಂದರು. ನಾನು ಎಲ್ಲಿ ಸುಮ್ಮನಿದ್ದೆ?

ಹನ್ನೆರಡರ ಊಟಕ್ಕೆ ಎಲೆ ಹಾಕಿ ಕಾದೆವು. ಸರ್ಪಸಂಸ್ಕಾರ ಮಾಡದ ಮನೆಯಲ್ಲಿ ಅನ್ನ ಉಣ್ಣಬಾರದು ಅಂತ ಕೇರಿಯವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಉಂಡವರು ಬೆಳಕೆಯಿಂದ ಬಂದ ನಾಲ್ಕು ಜನ ಸಂಬಂಧಿಕರು, ಮಹಾಬಲ, ಅವನ ತಾಯಿ, ಅಷ್ಟೇ. ಹಂಡೆಯ ಅನ್ನ ಹಾಗೇ ಉಳಿಯಿತು.

ಸಂಜೆ ಅಮಿತಾ ಟಿವಿ ಹಾಕಿದಳು. ಕೇಬಲಿನಲ್ಲಿ ಅವಳ ಅಪ್ಪನೇ ಬರುತ್ತಿದ್ದ. ಹಿಂದೆ ಶಹನಾಯಿ. ಹಾವಿನ ಹೆಡೆ, ಅವನ ಮುಖ, ಮತ್ತೆ ಹೆಡೆ. ‘ಸರ್ಪದಂಶಕ್ಕೆ ಬಲಿಯಾದ ನಮ್ಮ ಹೆಮ್ಮೆಯ ಶನಿಯಾರ’ ಅಂತ ಒಬ್ಬಳು ಅಳು ದನಿಯಲ್ಲಿ ಓದುತ್ತಿದ್ದಳು. ಇದಾದ ಮೇಲೆ ಎಂದಿನ ಹಾಗೆ ಧಾರಾವಾಹಿ ಅಂತಲೂ ಹೇಳಿದಳು.

ಜಯಂತಿ ಎದ್ದು ಸೌದೆ ಕತ್ತಿ ತಗೊಂಡಳು. ಮಾಡಿನ ಅಂಚಿನಲ್ಲಿ ಬಂದಿದ್ದ ಕೇಬಲ್ ವೈರಿಗೆ ಎರಡು ಏಟು ಹಾಕಿದಳು. ಟಿವಿಯಲ್ಲಿ ಬರೀ ಚುಕ್ಕಿ.

ನಮ್ಮ ಮಾಡಿನಿಂದಲೇ ಕೇರಿಯ ಎಲ್ಲ ಮನೆಗೂ ವೈರ್ ಹೋಗುತ್ತಿತ್ತು. ಮನೆಯಲ್ಲೇ ಕೆಲಸದವ ಇದ್ದಾನೆ ಅಂತ ಹಾಗೆ ಎಳೆದದ್ದು. ಧಾರಾವಾಹಿಯ ಹೊತ್ತು ಬೇರೆ. ಊಟಕ್ಕೆ ಬಾರದ ಜನ ಒಬ್ಬೊಬ್ಬರೇ ಅಂಗಳಕ್ಕೆ ಬಂದರು. ಎದುರು ಮನೆಯ ಗಂಗಿ ಬೇಲಿಯ ದಣಪೆಯ ಆಚೆಯಿಂದಲೇ ರೂಢಿಯ ಮೇಲೆ ಕೂಗಿದಳು, ‘ಏ ಶನಿಯಾರಾ, ಟಿವಿ ಹೋತು, ನೋಡಾ!’

ಕೂಗಿದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡಳು.

‘ಕರೆಂಟು ಹೊಡೆದು ಸತ್ತ ಅವ. ನಿಮ್ಮ ಮ್ಯಾಚ್ ನಿಲ್ಲಬಾರದು ಅಂತ ಹತ್ತಿ ಸತ್ತ’ ಅಂದಳು ಜಯಂತಿ. ಕತ್ತಿ ಕೈಯಲ್ಲೇ ಇತ್ತು. ‘ಈಗ ಕಂಬ ಹತ್ತೂಕೆ ನಿಮ್ಮಲ್ಲಿ ಯಾರು ಬತ್ರಿ?’

ಯಾರೂ ಬರಲಿಲ್ಲ. ಬಂದ ದಾರಿಯಲ್ಲೇ ಹೋದರು.

ಮರುದಿನ ಬೆಳಿಗ್ಗೆ ವೆಂಕಟ್ರಮಣ ಇಬ್ಬರು ಹೊಸಬರನ್ನು ಕಳಿಸಿದ, ನಮ್ಮ ಮನೆ ಬಿಟ್ಟು ಕಂಬದಿಂದ ಕಂಬಕ್ಕೆ ವೈರ್ ಎಳೆಯಲು. ಅವರು ಏಣಿ ಚಾಚುವ ಮೊದಲು ಇಡೀ ಊರಿನ ಕರೆಂಟು ತೆಗೆಸಿದ. ಮಧ್ಯಾಹ್ನದವರೆಗೆ ಯಾರ ಮನೆಯಲ್ಲೂ ಟಿವಿ ಇಲ್ಲ, ಫ್ಯಾನ್ ಇಲ್ಲ. ನಾನು ಜಗಲಿಯ ಮೇಲೆ ಕೂತು ನೋಡುತ್ತಿದ್ದೆ. ಆ ದಿನ ಒಬ್ಬರೂ ಬೈಯಲಿಲ್ಲ. ಹಾವು ಕಚ್ಚಿ ಸತ್ತವನ ಊರಿನಲ್ಲಿ ಈಗ ಕರೆಂಟು ಯಾಕೆ ತೆಗೆಸಿದ ಅಂತ ಕೇಳಿದವರೂ ಒಬ್ಬರಿಲ್ಲ.